ಚೌರಿಯಿಂದ ಬಿಡಿಸಿದ ಒಂದೆಳೆ

ಅರಸೀಕೆರೆಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಬೆಳಕು ಅಡ್ಡಿಯ ಅಂಚಿನಲ್ಲಿ ಬಾಗಿ ಹರಡಿಕೊಳ್ಳುತ್ತದಲ್ಲ, ಆ ವಿವರ್ತನೆಯೇ ನನ್ನ ಹುಚ್ಚು. ಒಂದು ಕೂದಲಿಗೆ ಲೇಸರ್ ಬಿಟ್ಟರೆ ಗೋಡೆಯ ಮೇಲೆ ಬರೀ ನೆರಳು ಬೀಳುವುದಿಲ್ಲ, ಕೆಂಪು ಪಟ್ಟಿಗಳ ಸಾಲೇ ಬೀಳುತ್ತದೆ. ಆ ಪಟ್ಟಿಗಳ ಅಂತರ ಅಳೆದು ಕೂದಲಿನ ದಪ್ಪ ಹೇಳಬಹುದು.

ಪ್ರತಿವರ್ಷ ತರಗತಿಯಲ್ಲಿ ಇದನ್ನು ಮಾಡಿ ತೋರಿಸಲು ಬೇಕಾದ ಕೂದಲು ನನ್ನ ಹೆಂಡತಿಯದು. "ನನ್ ತಲೆ ಬೋಳು ಮಾಡಿ ನೀವು ದೊಡ್ಡ ವಿಜ್ಞಾನಿ ಆಗ್ಬೇಕಾ?" ಎಂದು ರೇಗುತ್ತಲೇ ಒಂದೆಳೆ ಕಿತ್ತು ಕೊಡುತ್ತಿದ್ದಳು. ಕ್ಯಾನ್ಸರಿಗೆ ಕೊಟ್ಟ ಔಷಧಿ ಆ ತಲೆಯನ್ನು ನಿಜವಾಗಿಯೂ ಬೋಳು ಮಾಡಿತು. ಆಮೇಲೆ ಅವಳೂ ಹೋದಳು.

ತಿಥಿ ಮುಗಿಸಿ ಕಾಲೇಜಿಗೆ ಹೋದರೆ, ಪ್ರಯೋಗಾಲಯದ ಗಾಜಿನ ಸ್ಲೈಡುಗಳನ್ನೆಲ್ಲ ಯಾರೋ ತೊಳೆದು ಜೋಡಿಸಿದ್ದರು. ಅವುಗಳಲ್ಲೊಂದರ ಮೇಲಿದ್ದ ಅವಳ ಕೊನೆಯ ಕೂದಲೂ ತೊಳೆದುಹೋಗಿತ್ತು. ಮನೆಯಲ್ಲಿ ಅವಳ ಬಾಚಣಿಗೆಯನ್ನೂ ತಿಥಿಗೆ ಬಂದ ಹೆಂಗಸರು ತಿಕ್ಕಿ ತೊಳೆದಿದ್ದರು. ಸಿಟ್ಟು ನೆತ್ತಿಗೇರಿತು, ಆದರೆ ಯಾರನ್ನು ಬೈಯಲಿ?

ನಾಚಿಕೆ ಬಿಟ್ಟು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ, ಅತ್ತೆಯ ಮನೆಗೆ ಹೋದೆ. ಅಲ್ಲಿ ಹೆಂಗಸರು ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಹಿತ್ತಿಲ ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಸಾಕಷ್ಟು ಸೇರಿದ ಮೇಲೆ, ತುರುಬಿಗೆ ಸೇರಿಸಿಕೊಳ್ಳುವ ಚೌರಿ ಕಟ್ಟುವವಳಿಗೆ ಕೊಡುತ್ತಾರೆ. ಅವಳದೊಂದು ಎಳೆಯಾದರೂ ಉಳಿದಿರಬಹುದೆಂದು ಸಂದಿಗೆ ಕೈಹಾಕಿದೆ. ಜೇಡರ ಬಲೆ ಸಿಕ್ಕಿತು.

"ಏನ್ ಹುಡುಕ್ತಿದ್ದೀರಿ ಅಳಿಯಂದ್ರೇ?"

ಹೇಳಿದೆ. ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದು ಹೆದರಿದ್ದೆ. ಅತ್ತೆ ತುರುಬು ಬಿಚ್ಚಿದರು. ಅವರ ಸ್ವಂತ ಕೂದಲು ಇಲಿಬಾಲದಷ್ಟು, ಮಿಕ್ಕದ್ದೆಲ್ಲ ಕರೀ ಚೌರಿ.

"ಇದು ಅವ್ಳ ಕೂದ್ಲೇ. ಬೋಳುತುರುಬಲ್ಲಿ ತಿರುಗ್ಬ್ಯಾಡ ಕಣವ್ವಾ ಅಂತ ಮದ್ವೆಗ್ ಮುಂಚೆ ಅವ್ಳೇ ಕಟ್ಟಿಸ್ಕೊಟ್ಟಿದ್ಳು. ಪೂರಾ ತಗೊಂಡೋಗಿ."

"ಒಂದೆಳೆ ಸಾಕು" ಅಂದೆ.

ಅವರು ಚೌರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಎಳೆದರೆ ಮಗಳಿಗೆ ನೋಯುತ್ತದೇನೋ ಎಂಬಂತೆ ಮೆಲ್ಲಗೆ ಒಂದು ಕೂದಲು ಬಿಡಿಸಿದರು. ಇಬ್ಬರಿಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಅವರು ಮತ್ತೆ ತುರುಬು ಕಟ್ಟಿಕೊಂಡು ನನಗೆ ಊಟಕ್ಕೆ ಬಡಿಸಿದರು.

ಮರುದಿನ ತರಗತಿಯಲ್ಲಿ ಲೇಸರ್ ಹಚ್ಚಿದೆ. ಪಟ್ಟಿಗಳು ಬಿದ್ದವು. ಒಬ್ಬ ಹುಡುಗಿ ಅಳೆದು, ಲೆಕ್ಕ ಮಾಡಿ ಕೂದಲಿನ ದಪ್ಪ ಹೇಳಿದಳು. ಪ್ರತಿವರ್ಷ ಬರುತ್ತಿದ್ದ ಉತ್ತರವೇ ಬಂದಿತ್ತು, ಏನೂ ಬದಲಾಗಿರಲಿಲ್ಲ.

"ಸರಿ ಇದೆಯಾ ಸರ್?" ಎಂದು ಕೇಳಿದಳು.

ಸರಿಯಾಗಿತ್ತು. ಅವಳ ಲೆಕ್ಕದ ಪಕ್ಕ ಸರಿ ಗುರುತು ಹಾಕಿ, ಕೂದಲನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ.