ಮೂಲೆ ಹರಿದ ಕಾರ್ಡು

ಬೆಟ್ಟಸ್ವಾಮಿಯ ಕಥೆ ಹೇಳಬೇಕಾದರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು. ಆದರೆ ಯಾವನು ತನ್ನ ತಪ್ಪಿನಿಂದ ಶುರು ಮಾಡುತ್ತಾನೆ? ನಾನೂ ನಾವಿಬ್ಬರೂ ಇದ್ದ ರೂಮಿನಿಂದಲೇ ಶುರು ಮಾಡುತ್ತೇನೆ.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ನಾವಿಬ್ಬರೂ ತುಮಕೂರಿಗೆ ಬಂದೆವು. ನಾನು ಗುಬ್ಬಿ ತಾಲೂಕಿನ ಕಡಬದವನು, ಹೆಸರು ಮಹಾದೇವಯ್ಯ. ಅವನು ಕುಣಿಗಲ್ ಕಡೆಯ ಹುತ್ರಿದುರ್ಗದವನು. ಇಬ್ಬರದೂ ಎಸ್ಸೆಸ್ಸೆಲ್ಸಿ ಆಗಿತ್ತು, ಮುಂದೇನು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಟೈಪಿಂಗ್ ಪಾಸು ಮಾಡಿದರೆ ಗುಮಾಸ್ತೆ ಕೆಲಸ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಚಿಕ್ಕಪೇಟೆಯ ಒಂದು ಇನ್‌ಸ್ಟಿಟ್ಯೂಟಿಗೆ ಸೇರಿದೆವು. ಪರಿಚಯವಾದದ್ದು ಅಲ್ಲೇ. ಬಸವಲಿಂಗಮ್ಮ ಎಂಬ ಮುದುಕಿಯ ಹಿತ್ತಲಿನ ರೂಮು ಹಿಡಿದೆವು. ರೂಮು ಅಂದರೆ ಹಿಂದೆ ಆಕೆ ಎಮ್ಮೆ ಕಟ್ಟುತ್ತಿದ್ದ ಜಾಗ. ಎಮ್ಮೆ ಹೋಗಿತ್ತು, ವಾಸನೆ ಹೋಗಿರಲಿಲ್ಲ.

ತುಮಕೂರು ಈಗಿನವರಿಗೆ ಏನೂ ಅಲ್ಲದಿರಬಹುದು. ನಮಗೆ ಅದು ಮಹಾನಗರ. ಬೆಟ್ಟಸ್ವಾಮಿ ಮೊದಲ ಹದಿನೈದು ದಿನ ಬೀದಿಯಲ್ಲಿ ಎದುರಾದವರನ್ನೆಲ್ಲ ಊರಿನ ಅಭ್ಯಾಸದಂತೆ "ಊಟ ಆಯ್ತಾ?" ಎಂದು ಕೇಳಿದ. ಒಬ್ಬರೂ ಉತ್ತರ ಕೊಡಲಿಲ್ಲ. "ಇಲ್ಲಿ ಜನಕ್ಕೆ ಕಿವಿ ಇಲ್ವೇನ್ಲಾ ಮಾದೇವ?" ಎಂದು ಒಂದು ಸಂಜೆ ನನ್ನನ್ನು ಕೇಳಿದ. ನಾನು ನಕ್ಕೆ. ಅವನು ಮಾರನೆಯ ದಿನದಿಂದ ಕೇಳುವುದನ್ನು ಬಿಟ್ಟ. ಹಾಗೆ ಬಿಟ್ಟದ್ದನ್ನು ಈಗ ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ನಾನು ಸಾರು ಮಾಡುತ್ತಿದ್ದೆ, ಅವನು ಮುದ್ದೆ ತಿರುವುತ್ತಿದ್ದ. ಅವನ ಮುದ್ದೆಯಲ್ಲಿ ಒಂದು ಗಂಟೂ ಇರುತ್ತಿರಲಿಲ್ಲ. ಟೈಪಿಂಗಿನಲ್ಲಿ ಮಾತ್ರ ಬೆರಳು ಬಗ್ಗುತ್ತಿರಲಿಲ್ಲ. ನೇಗಿಲು ಹಿಡಿದ ಕೈ. ಒಂದು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಅಕ್ಷರದ ಮನೆಗಳನ್ನು ಬರೆದುಕೊಂಡು ಬೆಳಗ್ಗೆಯೆಲ್ಲ ಕುಟ್ಟುತ್ತಿದ್ದ. ಬಲಗೈಯಲ್ಲಿ ಉಣ್ಣುವಾಗಲೂ ಎಡಗೈ ಬೆರಳುಗಳು ಮಂಡಿಯ ಮೇಲೆ ಆಡುತ್ತಿದ್ದವು.

ಅವನಿಗೆ ಅಪ್ಪ ಇಲ್ಲ. ತಾಯಿ ಹನುಮಂತಮ್ಮ ತನ್ನ ತಮ್ಮ ಪುಟ್ಟರಂಗಯ್ಯನ ಮನೆಯಲ್ಲಿದ್ದಳು. ಆಕೆಗೆ ಮಗ ಗುಮಾಸ್ತೆಯಾಗುವುದು ಬೇಕಿತ್ತು, ಮಗ ಕಣ್ಣೆದುರಿಗಿರುವುದೂ ಬೇಕಿತ್ತು. ಎರಡೂ ಒಟ್ಟಿಗೆ ಎಲ್ಲಿ ಸಿಗುತ್ತದೆ? ಮೊದಲ ಸಲದ ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಊರಿನಿಂದ ಕಾರ್ಡು ಬಂತು. ಅವ್ವನಿಗೆ ಹುಷಾರಿಲ್ಲ, ಕೂಡಲೇ ಬಾ. ಬಿದ್ದಂಬೀಳ ಓಡಿದ. ಹೋಗಿ ನೋಡಿದರೆ ಹನುಮಂತಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾಳೆ. "ನಿನ್ ಮಕ ನೋಡ್ದೆ ಹುಷಾರಿರ್ಲಿಲ್ಲ ಕಣೋ, ಈಗ ಹುಷಾರಾದೆ" ಎಂದಳಂತೆ. ಪರೀಕ್ಷೆ ಹೋಯಿತು. ಅವನು ಇದನ್ನು ನಗುತ್ತ ಹೇಳಿದ. ನನಗೆ ಮೈಯೆಲ್ಲ ಉರಿಯಿತು.

"ಇನ್ನೊಂದ್ ಸಲ ಹಿಂಗೆ ಓಡ್ದೆ ಅಂದ್ರೆ ಸಾಯೋವರ್ಗೂ ಮುದ್ದೆ ತಿರುವ್ಕೊಂಡೇ ಇರ್ತೀಯ. ಪರೀಕ್ಷೆ ಮುಗಿಯೋವರ್ಗೂ ಊರ್ ಕಡೆ ತಲೆ ಹಾಕಲ್ಲ ಅಂತ ಆಣೆ ಮಾಡ್ಲಾ" ಎಂದೆ.

ಮಾಡಿದ. ಮುಂದೆ ಎರಡು ಕಾರ್ಡು ಬಂದವು, ಎರಡರಲ್ಲೂ ಅದೇ ಹುಷಾರಿಲ್ಲದ ಸುದ್ದಿ. ಎರಡಕ್ಕೂ ಪರೀಕ್ಷೆ ಮುಗಿಸಿ ಬರುತ್ತೇನೆ ಎಂದು ಉತ್ತರ ಬರೆದ. ಬರೆಸಿದವನು ನಾನು.

ಪರೀಕ್ಷೆ ಭಾನುವಾರ. ಅದಕ್ಕೆ ಮುಂಚಿನ ಬುಧವಾರ ಅವನು ಇನ್‌ಸ್ಟಿಟ್ಯೂಟಿಗೆ ಹೋಗಿದ್ದಾಗ ಟಪಾಲಿನವನು ಬಂದು ಒಂದು ಕಾರ್ಡನ್ನು ಜಗಲಿಯ ಮೇಲೆ ಇಟ್ಟುಹೋದ. ಬಸವಲಿಂಗಮ್ಮ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಕಾರ್ಡಿನ ಒಂದು ಮೂಲೆ ಹರಿದಿತ್ತು. ನಮ್ಮ ಕಡೆ ಸಾವಿನ ಸುದ್ದಿ ಬರೆದ ಕಾಗದಕ್ಕೆ ಹಾಗೆ ಮೂಲೆ ಹರಿಯುತ್ತಾರೆ. ಅದನ್ನು ಮನೆಯೊಳಕ್ಕೆ ತರುವ ಹಾಗಿಲ್ಲ. ಸಂಬಂಧಪಟ್ಟವರು ಹೊರಗೇ ನಿಂತು ಓದಿ, ಹರಿದೆಸೆದು, ಸ್ನಾನ ಮಾಡಿ ಒಳಗೆ ಬರಬೇಕು.

"ನಿನ್ ಹೆಸ್ರಿಗೇನಪ್ಪಾ?" ಎಂದು ಬಸವಲಿಂಗಮ್ಮ ಕೇಳಿದಳು.

ವಿಳಾಸದ ಕಡೆ ಮೇಲಿತ್ತು. ಬೆಟ್ಟಸ್ವಾಮಿಯ ಹೆಸರು.

"ಹಂಗಾದ್ರೆ ನೀನು ಓದ್ಬೇಡ. ಅವ್ರ ಮನೇರೇ ಓದ್ಬೇಕು" ಎಂದು ಒಳಗೆ ಹೋದಳು.

ನಾನು ಓದಲಿಲ್ಲ. ತುದಿಬೆರಳಲ್ಲಿ ಹಿಡಿದು ಬಾವಿಯ ಪಕ್ಕದ ಕಲ್ಲುಗೋಡೆಯ ಸಂದಿನಲ್ಲಿ ಸಿಕ್ಕಿಸಿದೆ. ಹನುಮಂತಮ್ಮನೇ ಹೋಗಿರಬಹುದು ಎಂದು ನನಗೆ ಹೊಳೆಯಲಿಲ್ಲವೆಂದರೆ ಅದು ಸುಳ್ಳು. ಹೊಳೆಯಿತು. ಆದರೆ ಸತ್ತವರು ಸತ್ತಾಯಿತು, ಇವನು ಇವತ್ತು ಹೋದರೂ ಸೋಮವಾರ ಹೋದರೂ ಅವರು ಎದ್ದು ಬರುವುದಿಲ್ಲ, ಪರೀಕ್ಷೆಯಾದರೂ ಉಳಿಯಲಿ ಎಂದು ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದ ನನಗೆ ಅದು ದೊಡ್ಡ ಬುದ್ಧಿವಂತಿಕೆಯಾಗಿ ಕಂಡಿತು. ನಾಲ್ಕು ದಿನ ಅವನ ಜೊತೆ ಉಂಡೆ, ಮಲಗಿದೆ. ಅವನು ಬಾವಿಯಲ್ಲಿ ನೀರು ಸೇದುವಾಗೆಲ್ಲ ನಾನು ಗೋಡೆಗೆ ಅಡ್ಡ ನಿಂತಿದ್ದೆ.

ಭಾನುವಾರ ನನ್ನ ತಂಡದ ಪರೀಕ್ಷೆ ಬೆಳಗ್ಗೆಯೇ ಮುಗಿದಿತ್ತು. ಅವನು ಮಧ್ಯಾಹ್ನ ತನ್ನದು ಮುಗಿಸಿ ಬಂದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ಈ ಸಲ ಪಾಸು ಕಣ್ಲಾ. ಒಂದು ತಪ್ಪೂ ಇಲ್ಲ" ಎಂದ. ಕೈಯಲ್ಲಿ ಒಂದು ಪೊಟ್ಟಣವಿತ್ತು. "ಕಡ್ಡಿಪುಡಿ. ಅವ್ವನ ಎಲೆಅಡಿಕೆಗೆ. ಇವತ್ತೇ ಹೊರಡ್ತೀನಿ, ಪಾಪ, ನಾಲ್ಕು ತಿಂಗ್ಳಾಯ್ತು."

ನಾನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಕಾರ್ಡು ತೆಗೆದು ಕೊಟ್ಟೆ. ಟಪಾಲಿನ ಮುದ್ರೆಯ ತಾರೀಖು ನೋಡಿದ. ಓದಿದ. ಮತ್ತೆ ಓದಿದ. ಆಮೇಲೆ ನನ್ನ ಕೈಗೇ ಕೊಟ್ಟ. ಊರಿನ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಮೂರೇ ಸಾಲು ಇತ್ತು: ತಾಯಿಯವರಿಗೆ ಬಹಳ ಕಷ್ಟವಾಗಿದೆ. ನಿನ್ನ ಮುಖ ನೋಡಬೇಕೆಂದು ಜೀವ ಹಿಡಿದುಕೊಂಡಿದ್ದಾರೆ. ಕಾಗದ ಕಂಡ ಕೂಡಲೇ ಹೊರಡುವುದು.

ಸತ್ತ ಸುದ್ದಿಯೇ ಅಲ್ಲ. ಬದುಕಿರುವವಳ ಕರೆ.

ಕುಣಿಗಲ್ ಬಸ್ಸಿನಲ್ಲಿ ಅವನು ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಕುಣಿಗಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು, ಉಳಿದ ದಾರಿ ನಡೆದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಪುಟ್ಟರಂಗಯ್ಯ ಜಗಲಿಯ ಮೇಲೆ ಕೂತಿದ್ದರು. ಅಳಿಯನನ್ನು ನೋಡಿ ಏಳಲಿಲ್ಲ.

"ಶುಕ್ರವಾರ ಸಂಜೆ ಹೋಗ್ಬುಟ್ಳು ಕಣಪ್ಪಾ. ನಿನ್ನೆ ಮಣ್ಣು ಮಾಡ್ದೊ. ನಿನ್ ವಿಳಾಸ ಗೊತ್ತಿದ್ದೋರು ಮೇಷ್ಟ್ರೊಬ್ರೇ, ಅವ್ರೂ ಕಾಗ್ದ ಬರ್ದುಕೊಟ್ಟು ಅವ್ರೂರಿಗೆ ಹೋಗಿದ್ರು. ಯಾರ್ನ ಎಲ್ಲಿಗೆ ಅಂತ ಕಳ್ಸನ?"

ಬೆಟ್ಟಸ್ವಾಮಿ ನಿಂತೇ ಇದ್ದ. ನಾನೇ ಕೇಳಿದೆ, ನನಗೆ ತಡೆಯಲಾಗಲಿಲ್ಲ. "ಬದುಕಿದ್ದಾಗ್ಲೇ ಕಾರ್ಡಿನ ಮೂಲೆ ಯಾಕೆ ಹರಿದ್ರಿ?"

"ಹರ್ದೋಳು ಅವ್ಳೇ. ಬ್ಯಾಡ ಕಣಕ್ಕ, ಅಪಸಕುನ ಅಂತ ಎಷ್ಟೇಳಿದ್ರೂ ಕೇಳ್ಲಿಲ್ಲ. ಹುಷಾರಿಲ್ಲ ಅಂತ ಬರ್ದ್ರೆ ಅವ್ನು ಈಗ ನಂಬಲ್ಲ, ಮೂಲೆ ಹರ್ದಿದ್ರೆ ಓಡ್ ಬತ್ತಾನೆ ಅಂತ ಕಾರ್ಡು ಈಸ್ಕೊಂಡು, ಹಾಸಿಗೇಲಿ ಮಲಗ್ಕಂಡೇ ಹರ್ದ್ಳು."

ಬೆಟ್ಟಸ್ವಾಮಿ ಆಗ ಬಾಯಿಬಿಟ್ಟ. "ಕೊನೇಲಿ ನನ್ನ ಕೇಳಿದ್ಳಾ?"

"ಕೇಳ್ದೆ ಇರ್ತಾಳಾ? ಕಣ್ಣೆಲ್ಲ ಬಾಗ್ಲಲ್ಲೇ ಇತ್ತು. ಕಾಗ್ದ ಸೇರೈತೆ, ಬತ್ತಾ ಅವ್ನೆ ಅಂತ ಹೇಳ್ತಾನೇ ಇದ್ದೆ. ಸಮಾಧಾನಕ್ಕೆ ಏನೋ ಒಂದು ಸುಳ್ಳು."

ಅದರಲ್ಲಿ ಅರ್ಧ ಸುಳ್ಳಾಗಿರಲಿಲ್ಲ. ಕಾಗದ ಸೇರಿತ್ತು. ಬುಧವಾರವೇ ಸೇರಿತ್ತು.

ಬೆಟ್ಟಸ್ವಾಮಿ ನನ್ನ ಕಡೆ ನೋಡಲಿಲ್ಲ. ನಾನು ಬಚ್ಚಿಟ್ಟದ್ದನ್ನು ಮಾವನಿಗೆ ಹೇಳಲೂ ಇಲ್ಲ. ಪೊಟ್ಟಣ ಹಿಡಿದುಕೊಂಡು ಒಬ್ಬನೇ ಮಣ್ಣು ಮಾಡಿದ ಕಡೆಗೆ ಹೋದ. ಎರಡು ಏಟು ಹೊಡೆದಿದ್ದರೆ, ಬೈದಿದ್ದರೆ, ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಷ್ಟು ಉಪಕಾರವನ್ನೂ ಅವನು ನನಗೆ ಮಾಡಲಿಲ್ಲ.

ತುಮಕೂರಿಗೆ ಅವನು ಮತ್ತೆ ಬರಲಿಲ್ಲ. ಎರಡು ತಿಂಗಳಿಗೆ ಫಲಿತಾಂಶ ಬಂತು. ಅವನು ಪಾಸು, ನಾನು ಫೇಲು. ಪಾಸಾದ ಸುದ್ದಿಯನ್ನು ಒಂದು ಕಾರ್ಡಿನಲ್ಲಿ ಬರೆದೆ. ಡಬ್ಬಕ್ಕೆ ಹಾಕುವ ಮುಂಚೆ ನಾಲ್ಕೂ ಮೂಲೆಗಳನ್ನು ಸವರಿ ನೋಡಿದೆ. ಉತ್ತರವಿಲ್ಲ. ಸುಣ್ಣದಲ್ಲಿ ಅಕ್ಷರ ಬರೆದ ಹಲಗೆಯನ್ನು ಬಸವಲಿಂಗಮ್ಮ ಬಚ್ಚಲಿಗೆ ಹಾಕಿಕೊಂಡಳು. ನಾನು ಇನ್ನೊಂದು ವರ್ಷ ಕುಟ್ಟಿ, ಪಾಸಾಗಿ, ಗುಬ್ಬಿಯಲ್ಲಿ ಗುಮಾಸ್ತೆಯಾದೆ. ನನ್ನ ಮುದ್ದೆಯಲ್ಲಿ ಇವತ್ತಿಗೂ ಗಂಟು.

ಅರವತ್ತೆಂಟರಲ್ಲಿ ಕುಣಿಗಲ್ ಸಂತೆಯಲ್ಲಿ ಸಿಕ್ಕಿದ. ಮಾವನ ಹೊಲ ಗೇಯುತ್ತಿದ್ದನಂತೆ, ಮದುವೆಯಾಗಿರಲಿಲ್ಲ. ಏಳು ವರ್ಷದಲ್ಲಿ ಹದಿನೇಳು ವರ್ಷದಷ್ಟು ಮುದಿಯಾದವನ ಹಾಗೆ ಕಂಡ. ನನ್ನನ್ನು ನೋಡಿ "ಊಟ ಆಯ್ತಾ?" ಎಂದ. ಆಯ್ತು ಎಂದೆ. ಬಸವಲಿಂಗಮ್ಮ ಹೇಗಿದ್ದಾಳೆ ಎಂದು ಕೇಳಿದ. ರಾಗಿಯ ಮಾತಾಯಿತು, ಮಳೆಯ ಮಾತಾಯಿತು. ಬೇರೇನೂ ಆಗಲಿಲ್ಲ.

ನನ್ನ ಬಸ್ಸು ಬಂತು. ಹೊರಡುವಾಗ ನಮ್ಮ ಕಡೆ ಎಲ್ಲರೂ "ಕಾಗ್ದ ಬರಿ" ಅನ್ನುತ್ತಾರೆ. ಅವನು ಅನ್ನಲಿಲ್ಲ. ನಾನೂ ಅನ್ನಲಿಲ್ಲ.