ಹೊಸ ಕ್ಯಾಮ್‌ಶಾಫ್ಟಿನ ಗದ್ದಲ

"ಏನವ್ವ ಇದು, ಮುಂಜಾನಿಂದ ಒಂದೇ ಸಮ ಗದ್ದಲ! ಹಳೇದ್ನೇ ಹಾಕಿಬಿಡು, ನಿನ್ ಕೈಲಿ ಆಗಂಗಿಲ್ಲ."

ಗೆಳೆಯರೇ, ಇವತ್ತು ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ರುದ್ರಪ್ಪನವರು ಗೇಟಿಗೆ ಬಂದು ಹೇಳಿದ ಮಾತಿದು. ನಿನ್ನೆ ನಾನೇ ನನ್ನ ಬೈಕಿನ ಇಂಜಿನ್ ಬಿಚ್ಚಿ, ಅದರ ವಾಲ್ವ್‌ಗಳನ್ನು ತೆರೆದು ಮುಚ್ಚುವ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದೆ. ಓಡುವಾಗ ಜೋರಾಗಿಯೇ ಓಡುತ್ತಿತ್ತು; ಆಕ್ಸಿಲರೇಟರ್ ಬಿಟ್ಟರೆ ಮಾತ್ರ ಕೆಮ್ಮಿ ಬಂದ್ ಬೀಳುತ್ತಿತ್ತು. ಅದಕ್ಕೇ ಮುಂಜಾನೆಯಿಂದ ಮತ್ತೆ ಮತ್ತೆ ಚಾಲೂ ಮಾಡಿ ನೋಡುತ್ತಿದ್ದೆ.

"ಆಗ್ತೈತೆ ಸರ್. ಇದು ಸರಿ ಆಗೋ ತನಕ ನಾನು ಏಳಂಗಿಲ್ಲ," ಎಂದೆ.

ಅಮ್ಮ ಊಟಕ್ಕೆ ಕರೆದರೂ ಏಳಲಿಲ್ಲ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ವಾಲ್ವ್‌ಗಳ ಸಂದು ಮತ್ತೆ ಅಳೆದೆ. ಒಂದು ತೀರಾ ಬಿಗಿಯಾಗಿತ್ತು. ಅದನ್ನು ಸಡಿಲಿಸಿ, ಕಾರ್ಬುರೇಟರ್ ಸ್ಕ್ರೂ ಕೂದಲೆಳೆಯಷ್ಟೇ ತಿರುಗಿಸುತ್ತ ಕಿವಿಗೊಟ್ಟು ಕೂತೆ. ಸಂಜೆ ಹೊತ್ತಿಗೆ ಸದ್ದು ಒಂದೇ ಲಯಕ್ಕೆ ಬಂತು. ಹರಿಹರದ ಸೇತುವೆಯವರೆಗೆ ಹೋಗಿ ಬಂದೆ, ಎಲ್ಲೂ ಬಂದ್ ಬೀಳಲಿಲ್ಲ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಿದ್ದೆ.

ವಾಪಸ್ ಬಂದಾಗ ಮೇಷ್ಟ್ರು ಗೇಟಿನಲ್ಲೇ ಕಾಯುತ್ತಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ ಇಳಿದೆ.

"ನನ್ ಸ್ಕೂಟ್ರೂ ನಿಂತಲ್ಲೇ ಬಂದ್ ಬೀಳ್ತೈತವ್ವ. ನಾಳೆ ಒಂಚೂರು ನೋಡ್ತೀಯೇನು?"

ನೋಡುತ್ತೇನೆ ಎಂದಿದ್ದೇನೆ. ಆದರೆ ಗದ್ದಲ ಈ ಸಲ ಅವರ ಮನೆ ಮುಂದೆಯೇ ಆಗಲಿ.