ಕಾಕಾನ ಕ್ವಾಲಿಫಿಕೇಶನ್

ಟಪ್! ಲೈಬ್ರರಿ ಕಾಕಾ ಪುಸ್ತಕಕ್ಕೆ ತಾರೀಖಿನ ಮೊಹರು ಒತ್ತಿದರೆ ಮೇಜಿನ ಮೇಲಿನ ಚಹಾ ಲೋಟ ನಡುಗುತ್ತಿತ್ತು. ಅವರ ಹೆಬ್ಬೆರಳಿಗೆ ನೇರಳೆ ಶಾಯಿ, ಉಗುರಿನೊಳಗೆ ಮಣ್ಣು.

ಎಂಬತ್ತರ ದಶಕದ ಕೊನೆ. ಮುಲುಂಡ್‌ನಲ್ಲಿದ್ದ ನಮ್ಮ ಪುಟ್ಟ ಕನ್ನಡ ಲೈಬ್ರರಿಯ ಹಿತ್ತಲಲ್ಲಿ, ಎಣ್ಣೆ ಡಬ್ಬಗಳಲ್ಲಿ ಅವರು ಮೆಂತ್ಯ, ಪಾಲಕ್, ಪುಂಡಿ ಸೊಪ್ಪು ಬೆಳೆಸುತ್ತಿದ್ದರು. ಪುಸ್ತಕ ಬೇಕೆಂದು ಬಂದ ಮಕ್ಕಳು ಮೊದಲು ಕಣ್ಣು ಮುಚ್ಚಿ ಒಂದು ಎಲೆ ಅಗಿದು ಹೆಸರು ಹೇಳಬೇಕು. “ಕಣ್ಣಿಗಿ ಮೋಸ ಆಗತೈತಿ, ನಾಲಿಗಿಗಿ ಆಗಂಗಿಲ್ಲ.” ತಪ್ಪಿದವರು ಗಿಡಗಳಿಗೆ ಒಂದು ಬಕೆಟ್ ನೀರು ಹೊರಬೇಕು. “ಚೀಟಿಂಗ್, ಕಾಕಾ! ಯೇ ತೋ ಪಾಲಕ್ ಹೈ!” ಎಂಬ ಕೂಗು ಪಕ್ಕದ ಬಿಲ್ಡಿಂಗಿನ ನನ್ನ ಮನೆಗೂ ಕೇಳಿಸುತ್ತಿತ್ತು.

ಮಕ್ಕಳಿಗೆ ಆಹಾರದ ಪಾಠ ಹೇಳಿ ಕೈತೋಟ ಮಾಡಿಸುವ ಲೈಬ್ರರಿಗಳಿಗೆ ಒಂದು ಟ್ರಸ್ಟ್ ಗ್ರಾಂಟ್ ಕೊಡುತ್ತಿತ್ತು. ಅರ್ಜಿ ಬರೆಯಲು ಲೈಬ್ರರಿ ಕಮಿಟಿಯವರು ನನಗೇ ಹೇಳಿದರು. ಕಾನ್ವೆಂಟಿನ ಇಂಗ್ಲಿಷಲ್ಲವೇ! ಬ್ಯೂಟಿಫುಲ್ ಆಗಿ ಬರೆದೆ.

ತೋಟ ನೋಡಲು ಬಂದ ಟ್ರಸ್ಟಿನ ಮೇಡಂ, ಕಲಿಸುವವರ ಕ್ವಾಲಿಫಿಕೇಶನ್ ಏನೆಂದು ಇಂಗ್ಲಿಷಿನಲ್ಲಿ ಕೇಳಿದರು. ಕಾಕಾನಿಗೆ ಕನ್ನಡದಲ್ಲಿ ತಿಳಿಸಿದೆ. ಅವರು ನೆಟ್ಟಗೆ ನಿಂತರು.

“ನಾ ದುಡಿಯೂ ಬಟ್ಟಿ ಗಿರಣಿ ಬಂದ್ ಆದ ವರ್ಷ ರೈಲಿನ ಹಳಿ ಬಾಜೂಕಿನ ತಪ್ಪಲಾ ತಿನಿಸಿ ನಾಕ್ ಮಕ್ಕಳನ್ನ ಉಳಿಸೇನ್ರೀ. ಯಾವ ಎಲಿ ತಿನಬೇಕು, ಯಾವದು ತಿನಬಾರದು, ನಂಗ ಗೊತ್ತೈತಿ.”

ಮೇಡಂ ನನ್ನ ಮುಖ ನೋಡಿದರು. ಹಳಿ, ಸೊಪ್ಪು, ಹಸಿವು... ಅಷ್ಟು ಸ್ಮಾರ್ಟ್ ಹೆಂಗಸಿನೆದುರು ಅದನ್ನೆಲ್ಲ ಹೇಳಲು ನನಗೆ ನಾಚಿಕೆಯಾಯಿತು.

“ನಥಿಂಗ್, ಮೇಡಂ,” ಎಂದುಬಿಟ್ಟೆ.

ಗ್ರಾಂಟ್ ಬಂತು. ಕಲಿಸುವವರು ಡಿಗ್ರಿ ಓದಿರಬೇಕೆಂಬ ಕಂಡೀಶನ್ನೂ ಅದರ ಜೊತೆಗೇ ಬಂತು. ನಾನು ಬಿ.ಎ. ಓದಿದ್ದೆ. “ಲೈಬ್ರರೀನೂ ನೀವೇ ನೋಡ್ಕೊಂಡ್ಬಿಡಿ ಮೇಡಂ, ಇಬ್ಬರು ಯಾಕೆ?” ಎಂದರು ನಮ್ಮ ಸೆಕ್ರೆಟರಿ. ಬೇಡವೆನ್ನಬಹುದಿತ್ತು. ಎನ್ನಲಿಲ್ಲ.

ಬೀಗದಕೈ ಒಪ್ಪಿಸಲು ಕಾಕಾ ಬಂದ ದಿನವೇ ಅವರನ್ನು ನಾನು ಕೊನೆಯ ಸಲ ಕಂಡದ್ದು. ಹಿತ್ತಲಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ವಿಟಮಿನ್ ಚಾರ್ಟ್ ತೋರಿಸುತ್ತಿದ್ದೆ. ಕಾಕಾ ಒಂದು ಡಬ್ಬದಿಂದ ಎಲೆ ಚಿವುಟಿ ನನ್ನ ಮುಂದೆ ಹಿಡಿದರು.

“ಕಣ್ಣ ಮುಚ್ಚರಿ, ಬಾಯಾರ.”

ಅಗಿದೆ. ಹುಳಿ ಹುಳಿ. ಏನೆಂದು ತಿಳಿಯಲಿಲ್ಲ. ಮಕ್ಕಳು ಕಿಸಕ್ಕೆಂದರು.

“ಏನು ಹೇಳಲಿ, ಕಾಕಾ?”

“ನಥಿಂಗ್ ಅನ್ರೀ. ಅವತ್ತು ಅಂದ್ರಲ್ಲ, ಹಂಗ.”

ಬೀಗದಕೈ ಇಟ್ಟು, ಹಿಂದಿರುಗಿ ನೋಡದೆ ಸ್ಟೇಷನ್ ಕಡೆ ನಡೆದರು. ಆ ಎಲೆಯ ಹೆಸರು ಮಕ್ಕಳಿಗೆಲ್ಲ ಗೊತ್ತಿತ್ತು. ಒಬ್ಬರೂ ಹೇಳಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಖಾಲಿ ಬಕೆಟ್ ತಂದು ನನ್ನ ಕಾಲ ಬಳಿ ಇಟ್ಟಳು.